ಕೌದಿಯೊಳಗಿನ ಪದರು

ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ವರ್ಷ ಅತ್ತೆಯವರು ನನಗೆ ಕೌದಿ ಹೊಲಿಯುವುದನ್ನು ಕಲಿಸಿದರು. ಮೇಲೊಂದು ಗಟ್ಟಿ ಸೀರೆ, ಕೆಳಗೊಂದು, ನಡುವೆ ಮನೆಯ ಹಳೆ ಅರಿವೆಗಳೆಲ್ಲ. ನನ್ನ ಮೊದಲ ಕೌದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ದಪ್ಪ ಬರೋಬ್ಬರಿ ಐತಿ. ಒಳಗ ಏನ ತುಂಬೀದಿ ಅನ್ನೂದು ಥಂಡ್ಯಾಗ ಗೊತ್ತಾಕ್ಕೈತಿ" ಅಂದಿದ್ದರು. ಆ ಮಾತು ಮತ್ತೆ ನೆನಪಾದದ್ದು ಮೂವತ್ತು ವರ್ಷಗಳ ಮೇಲೆ, ಸಿಂದಗಿ, ಬಸವನ ಬಾಗೇವಾಡಿ ಎಂದು ವರ್ಗವಾಗುತ್ತ ಇಂಡಿಗೆ ಬಂದು ನೆಲೆಸಿದ ಮೇಲೆ, ಮಗಳ ಕಂಪ್ಯೂಟರಿನ ಮುಂದೆ.

ಇಲೆಕ್ಟ್ರಾನಿಕ್ಸ್ ಓದಿದ ಈ ಹುಡುಗಿಗೆ ಒಂದೇ ಹುಚ್ಚು. ನಮ್ಮ ಲಿಂಬಿ ತೋಟದಲ್ಲಿ ಮಣ್ಣಿನ ಹಸಿ ಎಷ್ಟಿದೆಯೆಂದು ಮನೆಗೇ ತಿಳಿಸುವ ಯಂತ್ರ ಮಾಡಬೇಕು. ಅವರಪ್ಪ, "ದೀಪಾವಳಿ ತನಕ ನೋಡ್ತೀನಿ, ಆಮ್ಯಾಲ ಬಿ.ಎಡ್. ಮಾಡು" ಎಂದು ಗಡುವು ಕೊಟ್ಟಿದ್ದರು. (ಬಿ.ಎಡ್. ಮಾಡಿದವಳು ಎದುರಿಗೇ ಕೂತಿದ್ದೆ. ಅದು ಶಿಕ್ಷೆಯೆಂದು ಅಂದೇ ತಿಳಿಯಿತು.) ಬೋರ್ಡಿನ ಖರ್ಚು ನನ್ನ ಪಗಾರದ್ದು.

ಅದರ ನಕ್ಷೆಯನ್ನು ಆಕೆ ಕಿಕ್ಯಾಡ್ ಎಂಬ ತಂತ್ರಾಂಶದಲ್ಲಿ ಬರೆಯುತ್ತಾಳೆ. 1992ರಲ್ಲಿ ಫ್ರಾನ್ಸಿನ ಜಾನ್-ಪಿಯರ್ ಶರಾ ಅವರು ಶುರುಮಾಡಿದ್ದು, ಎಲ್ಲರಿಗೂ ಪುಕ್ಕಟೆ. ಅವರೂ ಪಾಠ ಹೇಳುವ ಮೇಷ್ಟರೆಂದು ಕೇಳಿ ನನಗೆ ಸುಮ್ಮನೆ ಹೆಮ್ಮೆಯಾಯಿತು.

ಹಸಿರು ಹಲಗೆಯೆಂದು ನಾನು ತಿಳಿದದ್ದು ಹಲಗೆಯೇ ಅಲ್ಲ. ಗಾಜಿನ ಎಳೆಯಿಂದ ನೇಯ್ದ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ನಡುನಡುವೆ ತಾಮ್ರದ ಹಾಳೆಯಿಟ್ಟು, ಕಾಯಿಸಿ ಒತ್ತಿದ್ದು. ನೇರಾನೇರ ಕೌದಿಯೇ! ಮಗಳದು ನಾಲ್ಕು ತಾಮ್ರದ್ದು. ಒಂದೊಂದು ತಾಮ್ರ 0.035 ಮಿಲಿಮೀಟರು, ಒಟ್ಟು ದಪ್ಪ 1.6. ಮೇಲಿನ ತಾಮ್ರದ ಗೆರೆಗೂ ಅದರ ಕೆಳಗಿನ ತಾಮ್ರಕ್ಕೂ ನಡುವೆ ಎಷ್ಟು ದಪ್ಪದ ಬಟ್ಟೆಯಿದೆ ಎಂಬುದರ ಮೇಲೆ ರೇಡಿಯೋದ ಗೆರೆಯ ಅಗಲ ಗೊತ್ತಾಗುತ್ತದೆ. ಬಟ್ಟೆ ಇಮ್ಮಡಿ ದಪ್ಪವಾದರೆ ಗೆರೆಯೂ ಹೆಚ್ಚುಕಡಿಮೆ ಇಮ್ಮಡಿ ಅಗಲವಾಗಬೇಕು.

ಕಾರ್ಖಾನೆಯವರು ಆರ್ಡರ್ ತಡೆಹಿಡಿದು ಕಾಗದ ಬರೆದಿದ್ದರು: ನೀವು ಹೇಳಿದ 0.1ರ ಬಟ್ಟೆ ನಮ್ಮಲ್ಲಿಲ್ಲ, 0.2 ಇದೆ, ಸೋಮವಾರದೊಳಗೆ ತಿದ್ದಿ ಕಳಿಸಿ. ಆ 0.1 ತಂತ್ರಾಂಶ ತಾನಾಗಿ ತುಂಬಿಟ್ಟ ಅಂಕಿ. ಈಕೆ ಕಣ್ಣೆತ್ತಿ ನೋಡಿರಲಿಲ್ಲ. ಮೇಲೆ ಕೆಳಗೆ ಎರಡೂ ಕಡೆ 0.2 ಬರೆದಳು. ಒಟ್ಟು 1.8 ಆಯಿತು. ಡಬ್ಬಿಯ ಗಾಡಿ ಕೊರೆದದ್ದು 1.6ಕ್ಕೆ! ಹೊಂದಿಸುವ ಗುಂಡಿಯೊಂದಿದೆಯಂತೆ, ಅದನ್ನು ಒತ್ತಿದಳು.

"ಅವ್ವಾ, ಬಂತು ನೋಡು 1.6!"

ಭಾನುವಾರ ರಾತ್ರಿ ಹನ್ನೊಂದು. ಕಳಿಸಿಯೇಬಿಡುತ್ತಿದ್ದಳು. ಆದರೆ ಉತ್ತರಪತ್ರಿಕೆಯ ಅಂಕ ಕೂಡಿಸಿ ಕೂಡಿಸಿ ನನಗೊಂದು ಚಟ. ಒಟ್ಟು ಸರಿಯಿದ್ದರೂ ಒಳಗಿನದನ್ನು ಮತ್ತೊಮ್ಮೆ ನೋಡದೆ ಬಿಡಲಾರೆ.

"ಒಟ್ಟು ಬರೋಬ್ಬರಿ ಐತಿ. ನೀ ಬರದ 0.2 ಎಲ್ಲಿ ಹೋತು?"

ಬಗ್ಗಿ ನೋಡಿದಳು. ಯಂತ್ರ ಹೇಳಿದಷ್ಟೇ ಮಾಡಿತ್ತು. ಒಟ್ಟು ದಪ್ಪವನ್ನು ಎಲ್ಲ ಬಟ್ಟೆಗಳಿಗೂ ಹೊಸದಾಗಿ ಹಂಚಿಬಿಟ್ಟಿತ್ತು. ಹುಡುಗಿಯ ಮುಖ ಬಾಡಿತು. ಮತ್ತೆ ಬರೆದಳು, ಮತ್ತೆ ಗುಂಡಿ, ಮತ್ತೆ ಅದೇ.

"ಕೌದ್ಯಾಗ ಮ್ಯಾಲಿನ ಸೀರಿ ಕತ್ತರಸ್ತಾರೇನ? ನಡುವಿನ ಅರಿವಿ ತಗೀತಾರ" ಅಂದೆ. ಸಿಟ್ಟಿನಲ್ಲೇ ಅಂದದ್ದು, ಉಪಾಯವೆಂದಲ್ಲ.

ಆಕೆ ಸುಮ್ಮನಾಗಿ ಪಟ್ಟಿಯನ್ನು ದಿಟ್ಟಿಸಿದಳು. ಪ್ರತಿ ಸಾಲಿನ ಬದಿಗೂ ಬೀಗದ ಚಿಕ್ಕ ಚೌಕವಿತ್ತು. ಮೇಲೆ ಕೆಳಗಿನ 0.2ಕ್ಕೆ ಬೀಗ ಹಾಕಿ ಗುಂಡಿ ಒತ್ತಿದಳು. ಈ ಸಲ ನಡುವಿನದಷ್ಟೇ ಇಳಿದು 1.04 ಆಯಿತು. ನಾನು ಕಾಗದದ ಮೇಲೆ ಕೂಡಿಸಿದೆ: ನಾಲ್ಕು ತಾಮ್ರ 0.14, ಹಸಿರು ಬಣ್ಣದ ಎರಡು ಲೇಪ 0.02, ಎರಡು ಬಟ್ಟೆ 0.4, ನಡುವಿನದು 1.04. ಸರಿ. ಬಳಿಕ ರೇಡಿಯೋದ ಗೆರೆಗಳನ್ನು ಅಗಲ ಮಾಡಿ ಎಳೆಯುವಷ್ಟರಲ್ಲಿ ಕೋಳಿ ಕೂಗಿತು. ಎರಡು ಸಲ ಚಹಾ ಮಾಡಿದ್ದಷ್ಟೇ ನನ್ನ ಕೆಲಸ.

ಬೋರ್ಡು ಬಂದಾಗ ದೀಪಾವಳಿಗೆ ಇನ್ನೂ ಒಂಬತ್ತು ದಿನವಿತ್ತು. ಡಬ್ಬಿಯ ಗಾಡಿಯಲ್ಲಿ ಸರಕ್ಕನೆ ಕೂತಿತು. ಅತ್ತೆಯವರ ಹಾಗೆ ಒಂದನ್ನು ಎರಡು ಬೆರಳಲ್ಲಿ ಹಿಡಿದು ಅಂಚನ್ನು ಬೆಳಕಿಗೆ ಒಡ್ಡಿದೆ. ಪದರು ಯಾವುದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಮೊನ್ನೆ ಬೆಳಿಗ್ಗೆ ಅವರಪ್ಪ ಚಪ್ಪಲಿ ಮೆಟ್ಟುತ್ತ, ನನ್ನ ಕಡೆ ನೋಡದೆ, "ತೋಟಕ್ಕ ಇವತ್ತ ನೀರ ಬಿಡಬೇಕೋ ಬ್ಯಾಡೋ, ಆಕೀನ ಕೇಳು" ಅಂದರು.