ಮೆಸ್ರೀನ್ ಮತ್ತು ಇಬ್ಬರು ಗಾರ್ಡುಗಳು

ದಸರಾ ರಜೆಗೆ ಬಂದಿದ್ದ ಮಗ ಒಂದು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, "ಅಪ್ಪಾ, ಹಳೇ ರಾಜ್‌ಕುಮಾರ್ ಪಿಕ್ಚರ್ ಎಷ್ಟು ಸಲ ನೋಡ್ತೀರಿ, ಇದನ್ನೊಂದು ನೋಡಿ" ಎಂದ. 2008ರಲ್ಲಿ ರಿಶೆ ಎಂಬ ನಿರ್ದೇಶಕ ಎರಡು ಭಾಗಗಳಲ್ಲಿ ತೆಗೆದ ಫ್ರೆಂಚ್ ಚಿತ್ರ. ಎರಡೂ ಸೇರಿ ನಾಲ್ಕು ಗಂಟೆ. ಕಥಾನಾಯಕ ಜಾಕ್ ಮೆಸ್ರೀನ್ ಎಂಬ ನಿಜವಾದ ದರೋಡೆಕೋರ. ಹೆಸರಿನಲ್ಲಿರುವ 'ಎಸ್' ಅಕ್ಷರವನ್ನು ಉಚ್ಚರಿಸಕೂಡದು, 'ಮೇರೀನ್' ಎನ್ನಬೇಕು ಎಂದು ಆತ ಪಟ್ಟು ಹಿಡಿಯುತ್ತಿದ್ದನಂತೆ. ಬ್ಯಾಂಕು ದೋಚುವವನಿಗೂ ಉಚ್ಚಾರಣೆಯ ಮಡಿ!

ಪಾತ್ರ ಮಾಡಿದವನು ವಿನ್ಸೆಂಟ್ ಕ್ಯಾಸೆಲ್. ಇದಕ್ಕಾಗಿ ಇಪ್ಪತ್ತು ಕೆ.ಜಿ.ಯಷ್ಟು ದಪ್ಪಗಾಗಿ, ಕೊನೆಯ ದಿನಗಳ ದೃಶ್ಯಗಳನ್ನು ಮೊದಲು ಮುಗಿಸಿ, ಆಮೇಲೆ ಕರಗುತ್ತಾ ಯೌವನಕ್ಕೆ ಬಂದನಂತೆ. ವಿಜ್ಞಾನದ ಮೇಷ್ಟ್ರಾದ ನನಗೆ ಇದು ಬಹಳ ಹಿಡಿಸಿತು.

ಮೆಸ್ರೀನ್ ಅಲ್ಜೀರಿಯಾ ಯುದ್ಧದಲ್ಲಿ ಸೈನಿಕನಾಗಿದ್ದವನು. ಊರಿಗೆ ಮರಳಿ ಕಳ್ಳರ ಜೊತೆ ಸೇರುತ್ತಾನೆ. ಒಂದು ದೃಶ್ಯದಲ್ಲಿ ಹೆಂಡತಿಯ ಬಾಯಿಗೇ ಪಿಸ್ತೂಲು ತುರುಕುತ್ತಾನೆ. ನನ್ನಾಕೆ "ಥೂ" ಎಂದು ಎದ್ದು ಹೋದಳು. ನಾನು ಕೂತೇ ಇದ್ದೆ. ಕೆನಡಾದ ಜೈಲಿನ ಕತ್ತಲೆ ಕೋಣೆಯಲ್ಲಿ ಅವನನ್ನು ಬೆತ್ತಲೆ ಕೂರಿಸಿ ಹಿಂಸಿಸುವುದನ್ನು ನೋಡಿದ ಮೇಲಂತೂ ಪೂರ್ತಿ ಅವನ ಪಕ್ಷವಾಗಿಬಿಟ್ಟೆ. 1972ರ ಆಗಸ್ಟ್‌ನಲ್ಲಿ ಹಾಡಹಗಲೇ ತಂತಿಬೇಲಿ ಕತ್ತರಿಸಿ ಸಂಗಡಿಗರೊಡನೆ ಓಡಿಹೋಗುತ್ತಾನಲ್ಲ, ಆಗ ನಾನು ಬಾಯಿಬಿಟ್ಟು "ಭಲೇ!" ಎಂದೆ. ಪರೀಕ್ಷೆಯಲ್ಲಿ ಚೀಟಿ ಇಟ್ಟ ಹುಡುಗನನ್ನು ಹೊರಗೆ ಹಾಕುವ ಮನುಷ್ಯ ನಾನು.

ಮುಂದಿನ ತಿಂಗಳು ಕ್ವಿಬೆಕ್‌ನ ಕಾಡಿನಲ್ಲಿ ಅವನೂ ಮರ್ಸಿಯೆ ಎಂಬ ಜೊತೆಗಾರನೂ ಗುಂಡು ಹಾರಿಸುವ ಅಭ್ಯಾಸ ಮಾಡುತ್ತಿರುತ್ತಾರೆ. ಸದ್ದು ಕೇಳಿ ಇಬ್ಬರು ಅರಣ್ಯದ ಕಾವಲುಗಾರರು ಬರುತ್ತಾರೆ. ಗುರುತು ಸಿಗುತ್ತದೆ. ಇಬ್ಬರನ್ನೂ ಕೊಂದುಹಾಕುತ್ತಾರೆ. ಇದು ನಿಜವಾಗಿ ನಡೆದದ್ದು.

"ನಿಲ್ಲಿಸು" ಎಂದೆ.

ನನ್ನಪ್ಪ ಮಲೆನಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದರು. ಕೈಯಲ್ಲಿ ಒಂದು ದೊಣ್ಣೆ, ಮೂರು ಸೆಲ್ಲಿನ ಟಾರ್ಚು, ಅಷ್ಟೇ. ರಾತ್ರಿ ಕೊಡಲಿ ಸದ್ದು ಕೇಳಿದರೆ ಎದ್ದು ಹೋಗುವರು; ಅವರು ಬರುವವರೆಗೆ ಅಮ್ಮ ದೀಪ ಆರಿಸುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಬೀಟೆ ಮರ ಕಡಿಯುವವರು ಎದುರಾದರಂತೆ. ಒಬ್ಬ ನಮ್ಮೂರಿನವನೇ. ಅಪ್ಪ ಟಾರ್ಚನ್ನು ನೆಲಕ್ಕೆ ತಿರುಗಿಸಿ, "ಯಾರ್ರೋ ಅದು?" ಎಂದು ಗುರುತೇ ಸಿಗದವರಂತೆ ಕೂಗಿ ಹಿಂದೆ ಬಂದುಬಿಟ್ಟರು. ಆ ಮನುಷ್ಯ ಮರುದಿನ ಚಹಾದಂಗಡಿಯಲ್ಲಿ ಅಪ್ಪನಿಗೆ ನಮಸ್ಕಾರ ಹೇಳಿದ. ನನಗೆ ತಲೆ ಎತ್ತಲಾಗಲಿಲ್ಲ. "ನಿಮಗೆ ಹೆದರಿಕೆಯಾ?" ಎಂದು ಕೇಳಿಯೂಬಿಟ್ಟೆ. "ಗುರ್ತು ಸಿಕ್ತು ಅಂತ ಅವ್ನಿಗೆ ಗೊತ್ತಾಗಿದ್ರೆ ನಾನು ಮನೆಗೆ ಬರ್ತಿದ್ನೇನೋ ಮಾರಾಯ?" ಎಂದರು. ನಾನು ಆ ಮಾತನ್ನು ಬಹಳ ವರ್ಷ ಹೇಡಿಯ ನೆಪವೆಂದೇ ಲೆಕ್ಕ ಹಾಕಿದ್ದೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಎರಡನೆಯ ಭಾಗವನ್ನು ಮಾರನೆಯ ರಾತ್ರಿ ನೋಡಿದೆವು. 1973ರಲ್ಲಿ ಕೋರ್ಟಿನ ಶೌಚಾಲಯದಲ್ಲಿ ಬಚ್ಚಿಟ್ಟಿದ್ದ ಪಿಸ್ತೂಲು ತೆಗೆದು ನ್ಯಾಯಾಧೀಶರನ್ನೇ ಅಡ್ಡ ಹಿಡಿದುಕೊಂಡು ಪರಾರಿ. 1978ರಲ್ಲಿ ಪ್ಯಾರಿಸಿನ ಲಾ ಸಾಂತೆ ಜೈಲಿನ ಗೋಡೆ ಹಾರಿ ಮತ್ತೆ ಪರಾರಿ. ಮಗ ನಗುತ್ತಿದ್ದ. ಅವನದೇನೂ ತಪ್ಪಿಲ್ಲ, ಆ ದೃಶ್ಯಗಳು ಇರುವುದೇ ಹಾಗೆ.

ಕೊನೆಗೆ 1979ರ ನವೆಂಬರ್ 2. ಕ್ಲಿನ್ಯಾಂಕೂರಿನಲ್ಲಿ ಅವನ ಬಿ.ಎಂ.ಡಬ್ಲ್ಯು. ಕಾರಿನ ಮುಂದೆ ಟಾರ್ಪಾಲಿನ ಲಾರಿಯೊಂದು ಬಂದು ನಿಲ್ಲುತ್ತದೆ. ಟಾರ್ಪಾಲು ಸರಿದು ಪೊಲೀಸರು ಗುಂಡಿನ ಮಳೆಗರೆಯುತ್ತಾರೆ. ಎಚ್ಚರಿಕೆ ಕೊಟ್ಟರೋ ಇಲ್ಲವೋ ಎಂಬ ವಾದ ಆ ದೇಶದಲ್ಲಿ ವರ್ಷಗಟ್ಟಲೆ ನಡೆಯಿತು. ಮಗನೂ ಅದನ್ನೇ ಕೇಳಿದ, "ಹಾಗೆ ಹೊಡೀಬಹುದಾ ಅಪ್ಪಾ?"

"ಹೊಡೀಬಾರ್ದು" ಎಂದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಅವನಿಗೆ, ಅದುವರೆಗೆ ಯಾರಿಗೂ ಹೇಳದಿದ್ದ ಅವನಜ್ಜನ ಟಾರ್ಚಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಭಾಗವನ್ನು ಮತ್ತೆ ತೆರೆದು, ಆ ಕಾಡಿನ ದೃಶ್ಯ ಎಲ್ಲಿದೆ ಎಂದು ಹುಡುಕತೊಡಗಿದ.