ಮೇಲಿಂದ ಕಂಡ ನೀಲಿ ತಾಡಪತ್ರಿ

ನಾವು ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದದ್ದು ಗೌಂಡಿ ಕೆಲಸಕ್ಕೆ. ಖಾಲಿ ಸೈಟಿನಲ್ಲಿ ನಾಲ್ಕು ಗಳ ನೆಟ್ಟು ಮೇಲೆ ನೀಲಿ ತಾಡಪತ್ರಿ ಎಳೆದೆವು. ಜಾಗದ ಒಡೆಯನಿಗೆ ತಿಂಗಳ ಬಾಡಿಗೆಯನ್ನೂ ಕೊಟ್ಟೆವು. ಆದರೂ ನಲ್ಲಿ ಕೇಳಲು ಹೋದಾಗ, 'ಪಟ್ಟಿಯಲ್ಲಿ ನಿಮ್ಮ ಜಾಗಾನೇ ಇಲ್ಲವಲ್ಲ' ಅಂದರು.

ಆ ಪಟ್ಟಿಯ ಕತೆ ಕೇಳಿ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾದರೆ ಮಾತ್ರ ಅದು ಘೋಷಿತ ಕೊಳಚೆ ಪ್ರದೇಶ. (ನಾವಿರುವ ಜಾಗಕ್ಕೆ ಕೊಳಚೆ ಅಂತ ಹೆಸರಿಟ್ಟವರು ನಾವಂತೂ ಅಲ್ಲ.) ಘೋಷಣೆಯಾಗದ ಜಾಗ 2011ರ ಜನಗಣತಿಯ ಲೆಕ್ಕಕ್ಕೆ ಬರಬೇಕಾದರೆ ಒಂದೆಡೆ ಕನಿಷ್ಠ 300 ಜನ, ಇಲ್ಲವೇ 60-70 ಮನೆ ಇರಬೇಕಿತ್ತು. ನಮ್ಮವು ನಲವತ್ತು ಜೋಪಡಿ. ಬಡತನಕ್ಕೂ ಕೋರಂ ಬೇಕು ನೋಡ್ರಿ!

ನೆಲದ ಮೇಲಿನ ಗುಮಾಸ್ತನಿಗೆ ಕಾಣದ ಇಂಥವರು ಆಕಾಶಕ್ಕೆ ಕಂಡರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ಮತ್ತು ಸಂಗಡಿಗರು ಉಪಗ್ರಹ ಚಿತ್ರ ಹಿಡಿದು, ಪಟ್ಟಿಯಲ್ಲಿಲ್ಲದ ನೀಲಿ ಚುಕ್ಕೆಗಳ ಬೆನ್ನು ಹತ್ತಿ ಬೆಂಗಳೂರು ಸುತ್ತಿದರು. ಹೊಸ ವಲಸಿಗರ ಟೆಂಟುಗಳ ಪಾಡು ಹಳೆಯ ಘೋಷಿತ ಕೊಳಗೇರಿಗಳಿಗಿಂತ ಎಷ್ಟೋ ಕೆಳಗಿದೆ, ಎರಡನ್ನೂ 'ಸ್ಲಂ' ಎಂಬ ಒಂದೇ ಚೀಲಕ್ಕೆ ತುಂಬಬಾರದು ಎಂದು 2014ರಲ್ಲಿ ಬರೆದರು. 2019ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಇದೇ ಊರಿನ ಚಿತ್ರಗಳನ್ನು ಯಂತ್ರಕ್ಕೆ ಕಲಿಸಿದರು. ಸೂರುಗಳು ಎಷ್ಟು ಚಿಕ್ಕವು, ಎಷ್ಟು ಒತ್ತೊತ್ತಾಗಿವೆ, ಓಣಿ ಹೇಗಿದೆ, ಹಸಿರು ಎಲ್ಲಿದೆ ಎಂಬ ಗುರುತುಗಳು ಅಂಥ ಚಿತ್ರದಲ್ಲಿರುತ್ತವೆ. ಅವಕ್ಕೆ ಮನೆಮನೆ ಸಮೀಕ್ಷೆಯ ಲೆಕ್ಕ ತಾಳೆ ಹಾಕಿ, ಕೊರತೆ ಎಲ್ಲಿ ಎಷ್ಟಿದೆ ಎಂದು ಅಳೆಯಲು ಕಲಿಸಿದರು. ಇದನ್ನು ಕೃತಕ ಬುದ್ಧಿ ಅಂತಾರೆ. ಮನೆಮನೆ ತಿರುಗಿದವರ ಕಾಲುಗಳಿಲ್ಲದೆ ಆ ಬುದ್ಧಿ ಹುಟ್ಟುತ್ತಿರಲಿಲ್ಲ.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆವು. 'ಮ್ಯಾಲಿಂದ ನೋಡಿದರ ಕೊಡ ಖಾಲಿ ಐತೋ ತುಂಬೈತೋ ಅಂತ ಹೆಂಗ ಗೊತ್ತಾಗಬೇಕು?' ಅಂದಳು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಹೆಣ್ಣುಮಕ್ಕಳು ಬಯಲಿಗೆ ಹೋಗಲು ಕತ್ತಲಿಗೆ ಕಾಯುವುದು ಸೂರಿನ ಅಳತೆಯಲ್ಲಿ ಇರುವುದಿಲ್ಲ. ಕಟ್ಟಡ ಮುಗಿದ ಮರುದಿನವೇ ನಾವು ತಾಡಪತ್ರಿ ಮಡಚಿಕೊಂಡು ಇನ್ನೊಂದು ಸೈಟಿಗೆ ಹೋಗಿರುತ್ತೇವೆ. ಹಳೆಯ ಚಿತ್ರದಲ್ಲಿ ಮಾತ್ರ ಅಲ್ಲೇ ಇರುತ್ತೇವೆ. ಜಾತಿಯೂ ಅದರಲ್ಲಿ ಕಾಣುವುದಿಲ್ಲ. ಆದರೆ ಹಳ್ಳಿಯಲ್ಲಿ ನಮ್ಮ ಕೇರಿ ಯಾವ ದಿಕ್ಕಿಗಿದೆ ಅಂತ ಹೇಳಲು ಯಾರಿಗೂ ಉಪಗ್ರಹ ಬೇಕಿರಲಿಲ್ಲ.

ಕಾಣದೆ ಇರುವುದು ಒಂದು ಕಷ್ಟ. ಕಾಣಿಸಿಕೊಳ್ಳುವುದು ಇನ್ನೊಂದು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳು ಅಂತ ಹೆಸರು ಹಚ್ಚಿ ಜೋಪಡಿಗಳನ್ನು ಕೆಡವಿದರು. ಅಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಅದು ಕಾನೂನುಬಾಹಿರ ಅಂತ ಆಮೇಲೆ ಹೈಕೋರ್ಟು ಹೇಳಿತು. ತೀರ್ಪು ಬರುವ ಹೊತ್ತಿಗೆ ಜೋಪಡಿ ಎಲ್ಲಿತ್ತು? ನಮ್ಮನ್ನು ಚುಕ್ಕೆಚುಕ್ಕೆಯಾಗಿ ತೋರಿಸುವ ನಕ್ಷೆ ನೀರಿನ ಟ್ಯಾಂಕರಿಗೂ ದಾರಿ ತೋರಿಸುತ್ತದೆ, ಜೆಸಿಬಿಗೂ ತೋರಿಸುತ್ತದೆ.

ಹಂಗಂತ ನಕ್ಷೆ ಬೇಡ ಅನ್ನುವವರಲ್ಲ ನಾವು. ಮಾಡುವವರು ಮೊದಲು ಜೋಪಡಿಯ ಒಳಗೆ ಬಂದು ಕೂರಲಿ, ಖಾಲಿ ಕೊಡವನ್ನೂ ಎಣಿಸಲಿ. ನಕ್ಷೆ ಯಾರ ಮೇಜಿಗೆ ಹೋಗುತ್ತದೆ ಅಂತ ನಮ್ಮನ್ನು ಕೇಳಿಯೇ ಕಳಿಸಲಿ. ಒಂದು ಪ್ರತಿ ನಮ್ಮ ಕೈಗೂ ಕೊಡಲಿ. ಮುಂದಿನ ಸಲ ನಲ್ಲಿ ಕೇಳಲು ಹೋಗುವಾಗ ಒಯ್ಯಬೇಕು.