ಮೇಲಿನ ದಾರ, ಕೆಳಗಿನ ಬಾಬಿನ್

ಮನೆಯಲ್ಲಿ ಎಂಬ್ರಾಯ್ಡರಿ ಮಷಿನ್ ಇದೆಯೆಂದು ಗೊತ್ತಾದ ಕೂಡಲೇ ಜನ ಎರಡು ಮಾತು ಆಡುತ್ತಾರೆ. ‘ನನ್ನ ಬ್ಲೌಸಿನ ತೋಳಿಗೂ ಒಂಚೂರು ಹಾಕಿಕೊಡಿ’ ಎನ್ನುವುದು ಒಂದು. ‘ನಿಮಗೇನು ಬಿಡಿ, ಎಲ್ಲ ಅದೇ ಮಾಡುತ್ತಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಕ್ಕು ಮಾತು ತೇಲಿಸುತ್ತೇನೆ. ಎರಡನೆಯದಕ್ಕೆ ಎದುರಾಡುವುದಿಲ್ಲ, ಯಾಕೆಂದರೆ ಅದು ನಿಜ. ಚಿತ್ತಾರ ಪೆನ್‌ಡ್ರೈವಿನಲ್ಲಿ ಬರುತ್ತದೆ. ಬಟ್ಟೆ ಬಿಗಿದ ಫ್ರೇಮ್ ತಾನೇ ಹಿಂದೆ ಮುಂದೆ ಸರಿಯುತ್ತದೆ, ಸೂಜಿ ನಿಮಿಷಕ್ಕೆ ನೂರಾರು ಸಲ ಏರಿಳಿಯುತ್ತದೆ, ದಾರ ಕಡಿದರೆ ತಾನೇ ನಿಂತು ಕೀಂಗುಟ್ಟುತ್ತದೆ. ನನ್ನ ಪಾಲಿಗೆ ಬಿಟ್ಟಿರುವುದು ಆರಿಸುವ ಕೆಲಸ: ಮೇಲೆ ಯಾವ ದಾರ, ಕೆಳಗೆ ಯಾವ ಬಾಬಿನ್. ಇಷ್ಟಾದರೂ ಉಳಿಯಿತಲ್ಲ ಎಂದು ಅದನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದು, ಅವಸರವಿಲ್ಲದೆ ಮಾಡುತ್ತೇನೆ.

ದಾರವನ್ನು ಮನೆಯಲ್ಲೇ ಕೂತು ಫೋನಿನಲ್ಲಿ ತರಿಸಬಹುದು. ಆದರೆ ಫೋನಿನ ಪರದೆಯ ಕೆಂಪನ್ನು ನಂಬಿ ದಾರ ಕೊಳ್ಳುವವರ ಧೈರ್ಯ ನನಗಿಲ್ಲ. ನಾನು ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೇ ಹೋಗುತ್ತೇನೆ. ಲೇಸು, ಕುಚ್ಚು, ಗುಂಡಿ, ಮಣಿ, ಸೀರೆಯ ಫಾಲ್ಸು ಎಲ್ಲ ಒಂದರ ಮೇಲೊಂದು ಒಟ್ಟಿಕೊಂಡಿರುವ ಆ ಇಕ್ಕಟ್ಟಿನಲ್ಲಿ ಅಂಗಡಿಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಕೈಗಾ ಮೇಡಂ, ಮಷಿನ್‌ಗಾ?’ ಕೈಗೆ ಎಂದರೆ ಆಂಕರ್ ಲಡಿಗಳ ಡಬ್ಬ ಮುಂದೆ ಬರುತ್ತದೆ. 6 ಎಳೆ ಕೂಡಿಸಿದ, 8 ಮೀಟರ್ ಉದ್ದದ ಹತ್ತಿ ಲಡಿ. ಬೇಕಾದಷ್ಟು ಎಳೆ ಬಿಡಿಸಿಕೊಂಡು ಹೊಲಿಯಬೇಕು. ಮಷಿನ್‌ಗೆ ಎಂದರೆ ಹುಡುಗ ಏಣಿ ಹತ್ತುತ್ತಾನೆ, ಯಜಮಾನರು ಶೇಡ್ ಕಾರ್ಡ್ ತೆಗೆದು, ‘ನಂಬರ್ ಹೇಳಿ’ ಎನ್ನುತ್ತಾರೆ.

ಒಳ್ಳೆಯ ಶೇಡ್ ಕಾರ್ಡ್ ಎಂದರೆ ಅಚ್ಚು ಹಾಕಿದ ಬಣ್ಣವಲ್ಲ, ದಾರದ ತುಣುಕುಗಳನ್ನೇ ಸಾಲಾಗಿ ಅಂಟಿಸಿದ ಹಲಗೆ. ಜರ್ಮನಿಯ ಫ್ರೈಬುರ್ಗ್‌ನಲ್ಲಿ 1919ರಲ್ಲಿ ಶುರುವಾದ ಮಡೇರಾ ಕಂಪನಿಯ ಕಾರ್ಡಿನಲ್ಲಿ ಬಣ್ಣಗಳು ಮುನ್ನೂರನ್ನೂ ಮೀರುತ್ತವೆ. ಅದನ್ನು ಬೆರಳಿನಿಂದ ಸವರುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ನಂಬರ್ ಹೇಳುವುದು ನನಗೆ ಒಗ್ಗದು. ಈರುಳ್ಳಿ ಸಿಪ್ಪೆ ಬಣ್ಣ ಎನ್ನುತ್ತೇನೆ. ‘ಯಾವ ಈರುಳ್ಳಿ ಮೇಡಂ, ಪಿಂಕಾ ಬ್ರೌನಾ?’ ಎಂದು ಅವರು ಕೇಳುತ್ತಾರೆ. ಮಾವಿನ ಚಿಗುರು ಎಂದರೆ ಎಷ್ಟು ದಿನದ ಚಿಗುರು ಎಂಬ ಪ್ರಶ್ನೆ ಏಳುತ್ತದೆ. ಎಂ.ಎಸ್. ಬ್ಲೂ ಕೇಳಿದರೆ ಮೂರು ರೀಲು ಸಾಲಾಗಿ ನಿಲ್ಲಿಸುತ್ತಾರೆ. ಸುಬ್ಬುಲಕ್ಷ್ಮಿಯವರ ಹೆಸರು ಹೊತ್ತ ಆ ನೀಲಿಯ ಬಗ್ಗೆ ಸೀರೆ ಅಂಗಡಿಗಳೇ ಇನ್ನೂ ಒಮ್ಮತಕ್ಕೆ ಬಂದಿಲ್ಲ, ದಾರದಂಗಡಿ ಎಲ್ಲಿಂದ ಬರಬೇಕು! ಕೊನೆಗೆ ಬ್ಲೌಸ್ ಪೀಸನ್ನೂ ರೀಲುಗಳನ್ನೂ ಎತ್ತಿಕೊಂಡು ಬಿಸಿಲಿಗೆ ಬರುವುದೇ ದಾರಿ. ಒಳಗಿನ ದೀಪದಡಿ ಅಪ್ಪಟ ಜೋಡಿ ಎನ್ನಿಸಿದ ಎರಡು ಹಸಿರುಗಳು ಬೀದಿಯ ಬೆಳಕಿನಲ್ಲಿ ಒಂದರ ಮುಖ ಇನ್ನೊಂದು ನೋಡುವುದಿಲ್ಲ.

ರೀಲಿನ ಮೈಯನ್ನೇ ನೋಡಿ ತೀರ್ಮಾನಿಸಲೂ ಬಾರದು. ಒತ್ತಾಗಿ ಸುತ್ತಿದಾಗ ಬಣ್ಣ ಗಾಢವಾಗಿ ಕಾಣುತ್ತದೆ. ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಹಾಸಿದಾಗಲೇ ಅದರ ನಿಜಗುಣ ತಿಳಿಯುವುದು. ಇನ್ನೊಂದು ಸೊಗಸಿದೆ. ಹೊಳೆಯುವ ದಾರದ ಮೇಲೆ ಬೆಳಕು ಬೀಳುವ ರೀತಿ ಹೊಲಿಗೆಯ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಎಲೆಯ ಅರ್ಧವನ್ನು ಒಂದು ಓರೆಯಲ್ಲಿ, ಇನ್ನರ್ಧವನ್ನು ಎದುರು ಓರೆಯಲ್ಲಿ ತುಂಬಿಸಿದರೆ ಒಂದೇ ರೀಲಿನ ಹಸಿರು ಎರಡು ಹಸಿರಾಗಿ ಕಾಣುತ್ತದೆ. ಇದು ತಿಳಿದ ಮೇಲೆ ನನ್ನ ಖರೀದಿ ಕಡಿಮೆಯಾಗಬೇಕಿತ್ತು. ಆಗಿಲ್ಲ.

ಬಣ್ಣ ಒಪ್ಪಿದರೆ ಮುಂದಿನದು ದಪ್ಪ. ಮನೆಯ ಮಷಿನ್‌ಗೆ ಬರುವ ಚಿತ್ತಾರಗಳೆಲ್ಲ ಸಾಮಾನ್ಯವಾಗಿ 40 ನಂಬರ್ ದಾರಕ್ಕೆಂದು ಲೆಕ್ಕ ಹಾಕಿದವು. ನಂಬರ್ ದೊಡ್ಡದಾದಷ್ಟೂ ದಾರ ತೆಳು. 40 ಎಂದರೆ ಸುಮಾರು 40 ಕಿಲೋಮೀಟರ್ ದಾರ ಒಂದು ಕಿಲೋ ತೂಗುತ್ತದೆ ಎಂದರ್ಥ. ಬೆಂಗಳೂರಿನಿಂದ ರೇಷ್ಮೆ ಮಗ್ಗಗಳ ಊರು ದೊಡ್ಡಬಳ್ಳಾಪುರದವರೆಗೆ ಎಳೆದರೆ ಒಂದು ಕಿಲೋ ಮುಗಿಯಿತು. 60 ನಂಬರ್ ಆದರೆ ಅದೇ ಕಿಲೋ ಹೆಚ್ಚು ಕಡಿಮೆ ಚಿಕ್ಕಬಳ್ಳಾಪುರ ಮುಟ್ಟುತ್ತದೆ. ಸಣ್ಣ ಅಕ್ಷರಕ್ಕೆ ಈ 60 ಬೇಕು; 40ರಲ್ಲಿ ಕಡಲೆ ಗಾತ್ರದ ‘ಕ್ಷ’ ಬರೆಸಿದರೆ ಹೊಟ್ಟೆ ಮುಚ್ಚಿಹೋಗುತ್ತದೆ. ಕನ್ನಡದ ಅಕ್ಷರಗಳಿಗೆ ಒಳಸುಳಿ ಜಾಸ್ತಿ, ಇಂಗ್ಲಿಷಿನ ಎಲ್ ಟಿ ಐಗಳಂತೆ ಕಡ್ಡಿ ನಿಲ್ಲಿಸಿ ಮುಗಿಸಲಾಗದು. 1000 ಹೊಲಿಗೆಗೆ ಮೇಲಿನ ದಾರ ಸುಮಾರು 5 ಮೀಟರ್ ಖರ್ಚಾಗುತ್ತದೆ ಎಂಬ ಅಂದಾಜು ಇಟ್ಟುಕೊಂಡರೆ, 20,000 ಹೊಲಿಗೆಯ ಬ್ಲೌಸಿನ ಬೆನ್ನಿಗೆ 100 ಮೀಟರ್. 1000 ಮೀಟರಿನ ರೀಲು ಹಾಗಾದರೆ ಎಷ್ಟೋ ಹಬ್ಬಗಳಿಗೆ ಸಾಕು.

ಇನ್ನು ಜಾತಿ. ಮುಖ್ಯವಾಗಿ ಎರಡು, ರೇಯಾನ್ ಮತ್ತು ಪಾಲಿಯೆಸ್ಟರ್. ಅಂಗಡಿಯಲ್ಲಿ ‘ಸಿಲ್ಕ್ ಥ್ರೆಡ್’ ಎಂದು ಕೇಳಿದರೂ ಇವೇ ಬರುತ್ತವೆ. ಬಳೆಗೂ ಜುಮುಕಿಗೂ ಸುತ್ತುವುದು ಇವನ್ನೇ. ನನ್ನ ಒಲವು ರೇಯಾನ್ ಕಡೆ. ಅದರ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ, ಬಟ್ಟೆಯ ಮೇಲೆ ಮೆತ್ತಗೆ ಕೂರುತ್ತದೆ. ಹುಟ್ಟಿನಲ್ಲಿ ಅದು ಮರ. ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲೂ ಕಾರ್ಬನ್ ಡೈಸಲ್ಫೈಡಿನಲ್ಲೂ ಕರಗಿಸಿ, ಅಂಟಾಗಿಸಿ, ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ನೂಕಿದರೆ ಎಳೆಯಾಗಿ ಗಟ್ಟಿಯಾಗುತ್ತದೆ. ಕರ್ನಾಟಕದಲ್ಲಿ ಈ ತಿರುಳಿನ ಕಥೆಗೆ ಬೇರೆಯದೇ ಬಿಸಿ ಇದೆ. ತುಂಗಭದ್ರೆಯ ದಡದ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಬೆಳೆಸಲೆಂದು ಸರ್ಕಾರವೂ ಕಂಪನಿಯೂ ಕೂಡಿ ಹಳ್ಳಿಗಳ ಸಾಮುದಾಯಿಕ ಜಮೀನಿಗೆ ಕೈ ಹಾಕಿದಾಗ, 1987ರ ನವೆಂಬರಿನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ನೆನಪು ನಮ್ಮ ಕಡೆಯವರಿಗೆ ಇನ್ನೂ ಇದೆ. ಅಲ್ಲಿ ತಯಾರಾಗುವುದು ಬಟ್ಟೆಯ ನೂಲಿಗೆ ಹೋಗುವ ತುಂಡು ನಾರು. ಕಸೂತಿ ದಾರಕ್ಕೆ ಬೇಕಾದ ಕಡಿಯದ ಉದ್ದ ಎಳೆ ಬೇರೆ ಕಡೆಯದು. ಆದರೂ ರೇಯಾನ್ ರೀಲು ಕೈಗೆತ್ತಿಕೊಂಡಾಗ ಹೊಲವೊಂದರ ಜಗಳ ಇದರ ನೆಂಟಸ್ತಿಕೆಯಲ್ಲಿದೆ ಎಂದು ಅನ್ನಿಸದೆ ಇರುವುದಿಲ್ಲ.

ರೇಯಾನ್‌ಗೆ ಒಂದೇ ದೌರ್ಬಲ್ಯ, ನೀರು. ನೆನೆದಾಗ ಅದರ ಕಸುವು ಇಳಿಯುತ್ತದೆ. ಬ್ಲೀಚಿಂಗ್ ತಗುಲಿದರಂತೂ ಬಣ್ಣ ಹೋದಂತೆಯೇ. ಒಗೆಯುವ ಕಲ್ಲಿನ ಮೇಲೆ ಬಡಿಸಿಕೊಳ್ಳಲಿರುವ ದಿಂಬಿನ ಚೀಲ, ಶಾಲೆಯ ಯೂನಿಫಾರಂ, ಅಡುಗೆಮನೆಯ ಟವೆಲಿಗೆ ಪಾಲಿಯೆಸ್ಟರೇ ಸರಿ. ಒಳ್ಳೆಯ ಕಸೂತಿ ಪಾಲಿಯೆಸ್ಟರಿನ ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ದುಂಡಗಿರುವುದಿಲ್ಲ, ಮೂರು ಮೂಲೆ ಇರುತ್ತವೆ. ರಾಮನಗರದ ಗೂಡಿನಿಂದ ಬಿಚ್ಚುವ ರೇಷ್ಮೆ ಎಳೆಯೂ ತ್ರಿಕೋನವೇ, ಅದರ ಮಿನುಗಿಗೆ ಅದೇ ಕಾರಣ. ಹುಳು ಕಂಡುಕೊಂಡದ್ದನ್ನು ಕಾರ್ಖಾನೆ ತಡವಾಗಿಯಾದರೂ ಕಲಿಯಿತು. ಜರಿ ದಾರದ ಬಗ್ಗೆ ಹೆಚ್ಚು ಹೇಳಲಾರೆ. ದೊಡ್ಡ ಕಣ್ಣಿನ ಸೂಜಿ ಹಾಕಿ, ವೇಗ ತಗ್ಗಿಸಿ, ಬೇರೆ ಕೆಲಸಕ್ಕೆ ಏಳದೆ ಎದುರಲ್ಲೇ ಕೂತಿರಬೇಕು.

ಸಾಮಾನ್ಯ ಹೊಲಿಗೆ ದಾರವನ್ನೇ ಹಾಕಿದರೆ ಏನಾಯಿತು ಎಂದು ಕೇಳುವವರಿದ್ದಾರೆ. ದಾರವನ್ನು ಬೆಳಕಿಗೆ ಹಿಡಿದು ನೋಡಲಿ, ಮೈತುಂಬ ಜುಂಗು. ಮೇಲಿನ ದಾರದ ಪ್ರತಿ ತುಣುಕೂ ಬಟ್ಟೆಯಲ್ಲಿ ನೆಲೆ ನಿಲ್ಲುವ ಮುಂಚೆ ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಜಗ್ಗಾಡುತ್ತದೆ. ಯಾಕೆಂದರೆ ಪ್ರತಿ ಹೊಲಿಗೆಗೂ ಕೆಳಗಿನ ಕೊಕ್ಕೆ ಅದರ ಕುಣಿಕೆಯನ್ನು ಹಿಡಿದೆಳೆದು ಬಾಬಿನ್ನಿನ ಸುತ್ತ ಇಡಿಯಾಗಿ ಒಂದು ಪ್ರದಕ್ಷಿಣೆ ಹಾಕಿಸಿ ಬಿಡುತ್ತದೆ. ಈ ತಿರುಗುವ ಕೊಕ್ಕೆಗೆ ಅಮೆರಿಕದ ಅಲೆನ್ ವಿಲ್ಸನ್ ಪೇಟೆಂಟ್ ಪಡೆದದ್ದು 1851ರಲ್ಲಿ. ಪರದೆ, ಮೆಮೊರಿ, ಪೆನ್‌ಡ್ರೈವ್ ಎಲ್ಲ ಬಂದರೂ ತಟ್ಟೆಯ ಕೆಳಗೆ ನಡೆಯುವುದು ಇವತ್ತಿಗೂ ಅದೇ ಪ್ರದಕ್ಷಿಣೆ.

ಹಾಗಾಗಿ ಬಾಬಿನ್. ಕಪ್ಪು ತಲೆಯ ಹಳೆಯ ಕಾಲ್ತುಳಿ ಮಷಿನ್‌ಗೆ ಬಳಸುತ್ತಿದ್ದ ಉಕ್ಕಿನ ಬಾಬಿನ್ ಮನೆಯಲ್ಲಿದೆ ಎಂದು ಅದನ್ನು ಇಲ್ಲಿ ತುರುಕಬಾರದು. ಅಂಗಡಿಯವರು ‘ಎಲ್ಲಾ ಮಷಿನ್‌ಗೂ ಆಗ್ತದೆ ಮೇಡಂ’ ಎಂದರೆ ನಗುತ್ತ ಇಟ್ಟುಬಿಡುವುದು ಮೇಲು. ಮನೆಬಳಕೆಯ ಬ್ರದರ್ ಮಷಿನ್‌ಗಳಲ್ಲೇ 11.5 ಮಿಲಿಮೀಟರ್ ಎತ್ತರದ್ದು ಒಂದು, 9.2 ಮಿಲಿಮೀಟರಿನದು ಇನ್ನೊಂದು. ಮೇಲಿಂದ ನೋಡಿದರೆ ಎರಡೂ ಒಂದೇ, ನಡುವೆ ಇರುವುದು ಎರಡು ಮಿಲಿಮೀಟರ್ ಚಿಲ್ಲರೆ. ಅಷ್ಟು ಸಾಕು ಮಷಿನ್ ಮುನಿಸಿಕೊಳ್ಳಲು. ಮನೆಯ ಬಾಬಿನ್ ಒಂದನ್ನು ಪರ್ಸಿನಲ್ಲಿ ಹಾಕಿಕೊಂಡು ಹೋಗಿ, ಗಾಜಿನ ಕೌಂಟರಿನ ಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಮೇಲೆ ಬೆರಳಾಡಿಸಿದರೆ ಏರುಪೇರು ಗೊತ್ತಾಗಿಬಿಡುತ್ತದೆ. ಅಂಚನ್ನು ಉಗುರಿನಿಂದ ಸವರಬೇಕು. ತೊಡಕಿದರೆ ಬೇಡ. ಪಾರದರ್ಶಕ ಪ್ಲಾಸ್ಟಿಕ್ಕಿನದಾದರೆ ಒಳಗೆ ಎಷ್ಟು ದಾರ ಉಳಿದಿದೆ ಎಂಬುದೂ ಕಾಣುತ್ತದೆ.

ಬಾಬಿನ್‌ಗೆ ತುಂಬುವ ದಾರ ಮೇಲಿನದಕ್ಕಿಂತ ತೆಳು, 60 ಅಥವಾ 90 ನಂಬರಿನದು, ಹೆಚ್ಚಾಗಿ ಬಿಳಿ, ಕಪ್ಪು ಬಟ್ಟೆಗೆ ಕಪ್ಪು. ತೆಳುವಿದ್ದರೆ ಹಿಂಬದಿ ಗಡುಸಾಗುವುದಿಲ್ಲ, ಒಂದು ತುಂಬಿಗೆ ಹೆಚ್ಚು ಹೊಲಿಗೆಗಳೂ ಬರುತ್ತವೆ. ಸುತ್ತಿಯೇ ಮಾರುವ ಬಾಬಿನ್‌ಗಳೂ ಸಿಗುತ್ತವೆ, ಅವುಗಳಲ್ಲಿ ದಾರ ಹೆಚ್ಚು ಹಿಡಿಯುತ್ತದೆ ಎನ್ನುವುದೂ ಸರಿ. ಆದರೂ ಸುತ್ತುವ ಸುಖವನ್ನು ಯಾಕೆ ಬಿಟ್ಟುಕೊಡಲಿ? ತುದಿ ಹಿಡಿದು ನಾಲ್ಕು ಸುತ್ತು ಕೊಟ್ಟು, ನಡುಮಟ್ಟದ ವೇಗದಲ್ಲಿ ಬಿಟ್ಟರೆ ಪದರ ಪದರವಾಗಿ, ಎರಡೂ ಅಂಚಿಗೆ ಸಮವಾಗಿ ತುಂಬುತ್ತ ಬರುತ್ತದೆ. ಪೂರಾ ವೇಗ ಒಳ್ಳೆಯದಲ್ಲ. ಹಿಗ್ಗಿಸಿ ಸುತ್ತಿದ ಪಾಲಿಯೆಸ್ಟರ್ ಹೊಲಿದಾದ ಮೇಲೆ ತನ್ನ ಹಳೆಯ ಉದ್ದಕ್ಕೆ ಮರಳುತ್ತದೆ, ಬಟ್ಟೆ ಸುಕ್ಕುಗಟ್ಟುತ್ತದೆ.

ಮೇಲಿನ ದಾರಕ್ಕೂ ಕೆಳಗಿನದಕ್ಕೂ ಬಿಗಿ ಹೊಂದಿದೆಯೇ ಎಂದು ತಿಳಿಯಲು ಬಟ್ಟೆಯನ್ನು ಮಗುಚಿ ನೋಡಬೇಕು. ಒತ್ತಾಗಿ ತುಂಬಿದ ಪಟ್ಟಿಯ ಹಿಂಬದಿಯಲ್ಲಿ ನಡುವೆ ಮೂರನೇ ಒಂದು ಪಾಲು ಬಿಳಿ, ಎರಡೂ ಮಗ್ಗುಲಲ್ಲಿ ಬಣ್ಣ ಕಂಡರೆ ಸರಿ. ಬಿಳಿ ಕಾಣದಿದ್ದರೆ ಮೇಲಿನದು ಸಡಿಲ. ಬಿಳಿ ಮುಂದಕ್ಕೇ ಇಣುಕಿದರೆ ಮೇಲಿನದು ಬಿಗಿ, ಇಲ್ಲವೇ ಬಾಬಿನ್ ಸಡಿಲ. ಬಾಬಿನ್ ಕೂರುವ ಕೇಸನ್ನು ದಾರದ ತುದಿಯಲ್ಲಿ ಇಳಿಬಿಟ್ಟು ಸಣ್ಣಗೆ ಜಗ್ಗಿ, ಒಂದಿಷ್ಟೇ ಜಾರಿ ನಿಂತಿತೇ ಎಂದು ನೋಡುವ ಹಳೆಯ ಟೈಲರುಗಳ ಪರೀಕ್ಷೆ ಹೊರತೆಗೆಯುವ ಉಕ್ಕಿನ ಕೇಸಿಗೆ ಚೆನ್ನಾಗಿ ನಡೆಯುತ್ತದೆ.

ಈ ಮೂರನೇ ಒಂದರ ಲೆಕ್ಕವನ್ನು ಧಾರವಾಡದ ನಮ್ಮ ಅತ್ತಿ ಒಪ್ಪುವುದಿಲ್ಲ. ಅವರದು ಎಳೆ ಎಣಿಸಿ ಹಾಕುವ ಕಸೂತಿ. ಗವಂತಿ, ಮುರಗಿ ಹೊಲಿಗೆಯಲ್ಲಿ ಹೋದ ದಾರ ತುಂಬುತ್ತ ಮರಳಿ ಬರುವುದರಿಂದ ಎರಡೂ ಮೈ ಒಂದೇ, ಗಂಟು ಹಾಕುವಂತಿಲ್ಲ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ತೇರು, ಗೋಪುರ, ಆನೆ ಮೂಡಿಸಿದ ಕೈಗೆ ನನ್ನ ಮಷಿನ್‌ನ ನವಿಲು ಕೊಟ್ಟರೆ ಏನಾದೀತು? ಮುಂಬದಿ ನೋಡಲೇ ಇಲ್ಲ. ‘ಮೊದಲ ಹಿಂದಿನ ಮಗ್ಗಲಾ ತೋರಸು’ ಎಂದು ಮಗುಚಿ, ‘ಏನವಾ ಇದು, ಮುಂದ ಹಬ್ಬಾ, ಹಿಂದ ಸೂತಕಾ!’ ಎಂದರು.

ಬ್ಲೌಸಿಗೆ ಹಿಂಬದಿ ಯಾರು ನೋಡುತ್ತಾರೆ ಎಂದು ವಾದಿಸಬಹುದು. ದುಪಟ್ಟಾ, ಟವೆಲು, ಕರ್ಚೀಫುಗಳಿಗೆ ಆ ವಾದ ನಿಲ್ಲುವುದಿಲ್ಲ. ಅಲ್ಲಿ ಮೇಲಿನದೇ ದಾರವನ್ನು ಬಾಬಿನ್‌ಗೂ ಸುತ್ತುತ್ತೇನೆ, ಬಿಗಿಯನ್ನು ಮತ್ತೆ ಹೊಂದಿಸುತ್ತೇನೆ. ಗವಂತಿಯ ಅಚ್ಚುಕಟ್ಟು ಬರುವುದಿಲ್ಲ, ಆದರೂ ಸೂತಕ ಕಳೆಯುತ್ತದೆ. ಇದರಿಂದಾದ ಇನ್ನೊಂದು ಬೆಳವಣಿಗೆಯೆಂದರೆ ಅರ್ಧ, ಕಾಲು ಉಳಿದ ಬಣ್ಣಬಣ್ಣದ ಬಾಬಿನ್‌ಗಳು ಒಂದು ಡಬ್ಬಿ ತುಂಬ ಕೂಡಿಬಿದ್ದಿವೆ. ಬಿಚ್ಚಿ ಎಸೆಯಲು ಮನಸ್ಸಿಲ್ಲ, ದೊಡ್ಡ ಚಿತ್ತಾರಕ್ಕೆ ಸಾಲುವುದಿಲ್ಲ. ಟವೆಲಿನ ಮೂಲೆಗೆ ಹೆಸರು ಬರೆಯಲು ಮಾತ್ರ ಹೇಳಿಮಾಡಿಸಿದವು. ಅತ್ತಿಯೂ ತಮ್ಮದೊಂದು ಟವೆಲು ಕಳಿಸಿದ್ದಾರೆ. ಬಣ್ಣ ದಾಳಿಂಬ್ರಿಯದೇ ಆಗಬೇಕಂತೆ. ಡಬ್ಬಿಯಲ್ಲಿ ಆ ಬಣ್ಣದ ಬಾಬಿನ್ ಇದೆ, ಮೇಲಿನ ರೀಲು ರೇಯಾನಿನದು. ಫೋನಿನಲ್ಲಿ ಕೇಳಿದೆ. ‘ರೇಯಾನೋ ಗೀಯಾನೋ ನನಗ ತಿಳಿಯೂದಿಲ್ಲ. ನಾ ದಿನಾ ಕಲ್ಲಿಗೆ ಬಡದು ಒಗಿತೀನಿ, ಅದಕ್ಕ ತಾಳೂದು ಹಾಕು’ ಎಂದರು. ಪಾಲಿಯೆಸ್ಟರಿನಲ್ಲಿ ದಾಳಿಂಬ್ರಿ ಹುಡುಕಬೇಕು.